ಗಟ್ಟಿ ಮಾಂಸ ಮೆತ್ತಗಾಗಲು ಜರ್ಮನಿಯ ರೈನ್‌ಲ್ಯಾಂಡಿನ ದಾರಿ

ದನದ ತೊಡೆ, ಭುಜದ ಮಾಂಸ ಗಟ್ಟಿ. ಸದಾ ದುಡಿಯುವ ಸ್ನಾಯುವಾದ್ದರಿಂದ ಅದರಲ್ಲಿ ಕೊಲಾಜನ್ ಎಂಬ ಗಟ್ಟಿ ನಾರಿನಂಥ ಪ್ರೋಟೀನ್ ಹೆಚ್ಚು. ಜರ್ಮನ್ನರು ಅಂಥ ತುಂಡನ್ನೇ ತಂದು, ದಿನಗಟ್ಟಲೆ ವಿನೆಗರ್‌ನಲ್ಲಿ ನೆನೆಸಿ ಸೌರ್‌ಬ್ರಾಟನ್ ಎಂಬ ಹುಳಿ ಮಾಂಸದ ಅಡುಗೆ ಮಾಡುತ್ತಾರೆ. ಫ್ರಿಜ್ ಇಲ್ಲದ ಕಾಲದಲ್ಲಿ ಮಾಂಸ ಕೆಲವು ದಿನ ಕೆಡದಂತೆ ಕಾಯುತ್ತಿದ್ದುದೂ ಈ ಹುಳಿಯೇ. ಕೊಳೆಸುವ ಬ್ಯಾಕ್ಟೀರಿಯಾಗಳು ಅದರಲ್ಲಿ ಸುಲಭವಾಗಿ ಬೆಳೆಯುವುದಿಲ್ಲ. ಕೊಡಗಿನ ಕಾಚಂಪುಳಿ ಎಂಬ ಕಪ್ಪು ಹುಳಿರಸ ಬಲ್ಲವರಿಗೆ ಮಾಂಸ ಮತ್ತು ಹುಳಿಯ ನಂಟು ಹೊಸದೇನಲ್ಲ.

ಒಂದೂವರೆ ಕಿಲೋದಷ್ಟು ತೊಡೆಯ ಮಾಂಸವನ್ನು ಕತ್ತರಿಸದೆ ಇಡಿಯಾಗಿ ಇಟ್ಟುಕೊಳ್ಳಿ. ಅರ್ಧ ಲೀಟರ್ ಕೆಂಪು ವೈನ್, ಕಾಲು ಲೀಟರ್ ವೈನ್ ವಿನೆಗರ್, ಕಾಲು ಲೀಟರ್ ನೀರು ಬೆರೆಸಿ, ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಬೇ ಎಲೆ, ಲವಂಗ, ಕಾಳುಮೆಣಸು, ಜುನಿಪರ್ ಕಾಯಿ ಹಾಕಿ ಒಂದು ಕುದಿ ಬರಿಸಿ. ಪೂರ್ತಿ ಆರಿದ ಮೇಲೆಯೇ ಮಾಂಸದ ಮೇಲೆ ಸುರಿಯಿರಿ. ಬಿಸಿಯಾಗಿದ್ದರೆ ಹೊರಭಾಗ ಅರೆಬೆಂದುಬಿಡುತ್ತದೆ. ಪಾತ್ರೆ ಗಾಜಿನದೋ ಸ್ಟೀಲಿನದೋ ಇರಲಿ, ಅಲ್ಯೂಮಿನಿಯಂ ಬೇಡವೇ ಬೇಡ. ಹುಳಿ ಅದನ್ನು ತಿನ್ನುತ್ತದೆ. ಮಾಂಸ ಪೂರ್ತಿ ಮುಳುಗಿರಬೇಕು. ಮುಚ್ಚಿ ಫ್ರಿಜ್‌ನಲ್ಲಿಟ್ಟು, ದಿನಕ್ಕೊಮ್ಮೆ ಮಗುಚಿ. ಮೂರರಿಂದ ಐದು ದಿನ ಸಾಕು.

ಬೇಗ ಮೆತ್ತಗಾಗಲೆಂದು ವಿನೆಗರ್ ಹೆಚ್ಚಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹುಳಿ ಒಳಕ್ಕೆ ಇಳಿಯುವುದು ಬಹಳ ನಿಧಾನ. ಅದು ಅತಿಯಾದರೆ ಹೊರಪದರ ಹಿಟ್ಟಿನಂತಾಗುತ್ತದೆ, ನಡುಭಾಗ ಗಟ್ಟಿಯಾಗಿಯೇ ಉಳಿಯುತ್ತದೆ. ನೆನೆಸುವುದರಿಂದ ರುಚಿ ಬರುತ್ತದೆ, ನಾರು ತುಸು ಸಡಿಲಾಗುತ್ತದೆ, ಅಷ್ಟೇ. ಮಾಂಸ ನಿಜವಾಗಿ ಮೆತ್ತಗಾಗುವುದು ಒಲೆಯ ಮೇಲೆ, ಕೊಲಾಜನ್ ಕರಗಿ ಮೆತ್ತನೆಯ ಜೆಲಟಿನ್ ಆದಾಗ. ಅದಕ್ಕೆ ಬೇಕಾದದ್ದು ಸಣ್ಣ ಉರಿ ಮತ್ತು ಸಮಯ.

ಆದ್ದರಿಂದ ಅಡುಗೆಯ ದಿನ ಅವಸರಪಡಬೇಡಿ. ತುಂಡನ್ನು ಹೊರತೆಗೆದು ಬಟ್ಟೆಯಿಂದ ಚೆನ್ನಾಗಿ ಒರೆಸಿ. ಒದ್ದೆ ಮಾಂಸ ಕೆಂಪಗೆ ಹುರಿಯುವುದಿಲ್ಲ. ಉಪ್ಪು ಸವರಿ, ದಪ್ಪ ತಳದ ಪಾತ್ರೆಯಲ್ಲಿ ಎಲ್ಲ ಬದಿಯನ್ನೂ ಹುರಿಯಿರಿ. ಸೋಸಿದ ನೆನೆನೀರನ್ನು ಹಾಕಿ ಕುದಿ ಬಂದ ಮೇಲೆ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ ಎರಡೂವರೆಯಿಂದ ಮೂರು ಗಂಟೆ ಬೇಯಿಸಿ. ಚಾಕು ತಡೆಯಿಲ್ಲದೆ ಇಳಿದರೆ ಬೆಂದಿದೆ ಎಂದರ್ಥ. ಹಸಿ ಮಾಂಸ ನೆನೆದ ನೀರು, ಕುದಿಸದೆ ಬಾಯಿಗಿಡಬೇಡಿ.

ರೈನ್‌ಲ್ಯಾಂಡಿನವರು ಮಾಂಸ ಬೆಂದ ಸಾರಿಗೆ ಒಣದ್ರಾಕ್ಷಿ ಹಾಕಿ, ಶುಂಠಿ, ಮಸಾಲೆ ಬೆರೆತ ಬಿಸ್ಕತ್ತನ್ನು ಪುಡಿಮಾಡಿ ಬೆರೆಸುತ್ತಾರೆ. ಆಖನ್ ನಗರದಲ್ಲಿ ಅದಕ್ಕೆ ಅಲ್ಲಿಯದೇ ಪ್ರಿಂಟನ್ ಬಿಸ್ಕತ್ತು. ಸಾರು ಗಟ್ಟಿಯಾಗುತ್ತದೆ, ಹುಳಿಯ ಮೊನಚೂ ಇಳಿಯುತ್ತದೆ. ನನಗಂತೂ ಒಣದ್ರಾಕ್ಷಿ ಇಲ್ಲದ ಸೌರ್‌ಬ್ರಾಟನ್ ಅರ್ಧ ಅಡುಗೆಯೇ. ಮಾಂಸವನ್ನು ಕಾಲು ಗಂಟೆ ಆರಲು ಬಿಟ್ಟು, ನಾರಿಗೆ ಅಡ್ಡಲಾಗಿ ತೆಳುವಾಗಿ ಕೊಯ್ದು, ಆಲೂಗಡ್ಡೆ ಉಂಡೆ, ಕೆಂಪು ಕೋಸಿನ ಪಲ್ಯದ ಜೊತೆ ಬಡಿಸಿ.