ಟಿಬಿ ಮಾತ್ರೆ ತೆಗೆದುಕೊಳ್ಳುವವರಿಗೆ ಮನೆಯವರು ಜೊತೆಯಾಗುವುದು ಹೇಗೆ?

ನಾನು ಮಲ್ಪೆ ಕಡೆಯ ಆಶಾ ಕಾರ್ಯಕರ್ತೆ. ಮಾತ್ರೆ ತಲುಪಿಸುವುದು ಸುಲಭದ ಕೆಲಸ. ಸಾಮಾನ್ಯ ಟಿಬಿಗೆ ಆರು ತಿಂಗಳು, ಔಷಧಕ್ಕೆ ಬಗ್ಗದ ಟಿಬಿಗೆ ಕೆಲವೊಮ್ಮೆ ಒಂದೂವರೆ ವರ್ಷಕ್ಕೂ ಜಾಸ್ತಿ ಚಿಕಿತ್ಸೆ ಇರುತ್ತದೆ. ಅಷ್ಟು ಕಾಲ ಮನಸ್ಸು ಕುಸಿಯದ ಹಾಗೆ ನೋಡಿಕೊಳ್ಳುವುದೇ ಕಷ್ಟ. ಅದು ಮನೆಯವರಿಂದ ಆಗಬೇಕು.

ಮೊದಲು ಕಾಯಿಲೆಯವರ ತಟ್ಟೆಯನ್ನು ಬೇರೆ ಇಡಬೇಡಿ. ಟಿಬಿ ಹರಡುವುದು ಗಾಳಿಯಿಂದ. ತಟ್ಟೆ, ಲೋಟ, ಬಟ್ಟೆಯಿಂದ ಅಲ್ಲ. ಸರಿಯಾದ ಮಾತ್ರೆ ಶುರುವಾಗಿ ಕೆಲವು ವಾರ ಕಳೆದರೆ ಹರಡುವ ಭಯ ತುಂಬಾ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಕಿಟಕಿ ತೆರೆದಿಡಿ, ಅವರು ಮಾಸ್ಕ್ ಹಾಕಲಿ, ಅಷ್ಟು ಸಾಕು. ಒಂದು ಮನೆಯಲ್ಲಿ ಅಜ್ಜಿ ಜಗಲಿಯ ಮೂಲೆಯಲ್ಲಿ ಒಬ್ಬರೇ ಕೂತು ಗಂಜಿ ಉಣ್ಣುತ್ತಿದ್ದರು. ಕೇಳಿದರೆ "ನನಗೆ ಇಲ್ಲೇ ಒಳ್ಳೇದು ಮಗಾ" ಅನ್ನುತ್ತಿದ್ದರು. ಒಳ್ಳೇದಿರಲಿಲ್ಲ. ಮಗ ಒಳಗೆ ಕರೆದು ಜೊತೆಗೆ ಕೂರಿಸಿಕೊಂಡ ಮೇಲೆ ಎರಡನೇ ಸಲ ಬಡಿಸಿಕೊಳ್ಳತೊಡಗಿದರು.

ಮೂತ್ರ ಕೆಂಪು-ಕಿತ್ತಳೆ ಆಗುತ್ತದೆ ಎಂದು ಮೊದಲ ದಿನವೇ ಹೇಳಿಬಿಡಿ. ಅದು ರಿಫಾಂಪಿಸಿನ್ ಮಾತ್ರೆಯ ಬಣ್ಣ, ರಕ್ತ ಅಲ್ಲ. ಆದರೆ ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ, ವಾಂತಿ ನಿಲ್ಲದಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ನನಗೆ ಹೆಚ್ಚು ಭಯ ಎರಡನೇ, ಮೂರನೇ ತಿಂಗಳಲ್ಲಿ. ಕೆಮ್ಮು ನಿಂತಿರುತ್ತದೆ, ಮೈ ತುಂಬಿಕೊಳ್ಳುತ್ತಿರುತ್ತದೆ. "ಈಗ ಹುಷಾರಾಗಿದ್ದೇನಲ್ಲ ಅಕ್ಕ, ಇನ್ನು ಯಾಕೆ?" ಎಂಬ ಮಾತು ಬರುತ್ತದೆ. ಆಗ ಬೈಯಬೇಡಿ. ಮಾತ್ರೆ ತಪ್ಪಿದ್ದಕ್ಕೆ ಬೈಸಿಕೊಂಡವರು ಮುಂದಿನ ಸಲ ಸುಳ್ಳು ಹೇಳುತ್ತಾರೆ. ಯಾವ ದಿನ, ಯಾಕೆ ತಪ್ಪಿತು ಎಂದು ಕೇಳಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕುಡಿಯುವ ಅಭ್ಯಾಸ ಇದ್ದರೂ ಹಾಗೆಯೇ. ಮದ್ಯ ಮತ್ತು ಮಾತ್ರೆ ಸೇರಿದರೆ ಲಿವರಿಗೆ ಪೆಟ್ಟು, ಅದನ್ನು ಸಮಾಧಾನದಿಂದ ಹೇಳಿ.

ಬೋಟಿಗೆ ಹೋಗುವವರಾದರೆ ಹೊರಡುವ ಮೊದಲೇ ಅಷ್ಟು ದಿನದ ಮಾತ್ರೆ ಕೇಳಿ ತನ್ನಿ. ಜೊತೆಗಿರುವವರಲ್ಲಿ ಯಾರಿಗೆ ವಿಷಯ ಹೇಳಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ. ಅವರನ್ನು ಕೇಳದೆ ಯಾರಿಗೂ ಹೇಳಬೇಡಿ, ನೆಂಟರಿಗೂ. ಮದುವೆಯ ಮಾತು ನಡೆಯುತ್ತಿರುವ ಹುಡುಗಿಯ ಮನೆಗೆ ನಾನು ಸಮವಸ್ತ್ರದ ಸೀರೆ ಉಟ್ಟು ಹೋಗುವುದಿಲ್ಲ.

"ಧೈರ್ಯವಾಗಿರು" ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಅಲ್ವಾ? "ರಾತ್ರಿ ನಿದ್ದೆ ಬಂತಾ?" ಎಂದು ಕೇಳಿ. ಎದುರು ಕೂತು ಕೇಳುವುದಕ್ಕಿಂತ ಬಲೆ ಸರಿಮಾಡುವಾಗ, ತರಕಾರಿ ಹೆಚ್ಚುವಾಗ ಪಕ್ಕದಲ್ಲಿದ್ದು ಕೇಳಿದರೆ ಉತ್ತರ ಬರುತ್ತದೆ. ಔಷಧಕ್ಕೆ ಬಗ್ಗದ ಟಿಬಿಗೆ ಕೊಡುವ ಸೈಕ್ಲೋಸೆರಿನ್ ಮಾತ್ರೆಯಿಂದಲೂ ಮನಸ್ಸು ಕುಗ್ಗಬಹುದು, ಇಲ್ಲದ ದನಿ ಕೇಳಿಸಬಹುದು. ಅದು ಅವರ ದೌರ್ಬಲ್ಯ ಅಲ್ಲ, ಡಾಕ್ಟರಿಗೆ ಹೇಳಲೇಬೇಕು. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಫೋನ್ ಮಾಡಬಹುದು.

ದುಡಿಮೆ ನಿಂತ ಚಿಂತೆಯೂ ಮನಸ್ಸನ್ನು ತಿನ್ನುತ್ತದೆ. ಟಿಬಿ ಚಿಕಿತ್ಸೆಯಲ್ಲಿರುವವರ ಊಟಕ್ಕೆಂದು ಸರ್ಕಾರ ದುಡ್ಡು ಕೊಡುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರಿನಿಂದ 1000 ಆಗಿದೆ. ಬ್ಯಾಂಕ್ ಖಾತೆ ವಿವರ ಕೊಟ್ಟಿದ್ದೀರಾ ನೋಡಿ. ಆ ದುಡ್ಡು ಮೊಟ್ಟೆ, ಮೀನು, ಹೆಸರುಕಾಳಿಗೆ ಹೋಗಲಿ.

ಮನೆಯವರೆಲ್ಲ ತಪಾಸಣೆ ಮಾಡಿಸಿಕೊಳ್ಳಿ, ಐದು ವರ್ಷದೊಳಗಿನ ಮಕ್ಕಳನ್ನು ಮೊದಲು ಕರೆದುಕೊಂಡು ಹೋಗಿ. ಇನ್ನು, ಆರೈಕೆ ಎಲ್ಲ ಒಬ್ಬ ಸೊಸೆಯ ತಲೆಗೇ ಬೀಳುವ ಮನೆಗಳಿವೆ. ವಾರದಲ್ಲಿ ಎರಡು ದಿನವಾದರೂ ಮಾತ್ರೆಯ ಹೊತ್ತಿಗೆ ಬೇರೆ ಯಾರಾದರೂ ಕೂರಲಿ.