ಜನರೇಟರ್ ಕೆಡೋದು ಬೇಸಿಗೆಯಲ್ಲಿ

ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನಲ್ಲಿ, ಕೊಟ್ಟಿಗೆಹಾರದ ಕಡೆ. ಪುನರ್ವಸು ಮಳೆ ಹಿಡಿಯಿತು ಅಂದರೆ ಇಲ್ಲಿ ಯಾರೂ ಕರೆಂಟ್ ಯಾವಾಗ ಬರುತ್ತೆ ಅಂತ ಕೇಳುವುದಿಲ್ಲ, ಮರ ಎಲ್ಲಿ ಬಿತ್ತು ಅಂತ ಕೇಳುತ್ತಾರೆ. ಲೈನ್ ಹಾದುಹೋಗಿರುವುದೇ ತೋಟದೊಳಗೆ, ಆಚೀಚೆ ಸಿಲ್ವರ್ ಓಕ್. ಗಾಳಿಗೆ ಒಂದು ಮುರಿದರೆ ಸಾಕು. 2019ರ ಆಗಸ್ಟ್ ಮಳೆಯಲ್ಲಿ ನಮಗೆ ಒಂಬತ್ತು ದಿನ ಕರೆಂಟಿರಲಿಲ್ಲ. ಇನ್ವರ್ಟರ್ ಎರಡನೇ ದಿನಕ್ಕೇ ಮಲಗಿತು. ಸುತ್ತ ನೀರೋ ನೀರು, ಮನೆ ಟ್ಯಾಂಕಿನಲ್ಲಿ ಮಾತ್ರ ಹನಿ ಇಲ್ಲ. ಬಾವಿಯಿಂದ ಸೇದಿ ಸೇದಿ ಅಂಗೈಯೆಲ್ಲ ಬೊಬ್ಬೆ. ಆ ಸಲ ಕಾಫಿ ಕೊಯ್ಲು ಮುಗಿದ ಮೇಲೆ ಮೊದಲು ಮಾಡಿದ ಕೆಲಸ ಅಂದರೆ ಜನರೇಟರ್ ತಂದಿದ್ದು.

ಅಂಗಡಿಯವರು ಒಂದು ಕೆವಿಎ, ಅಂದರೆ ಹೆಚ್ಚೆಂದರೆ ಸಾವಿರ ವಾಟ್ ಹೊರುವ ಮೆಷಿನ್, ಸಾಕು ಅಂದರು. ಪಂಪು ಒಂದು ಎಚ್‌ಪಿ, ಅಂದರೆ 746 ವಾಟ್, ಲೆಕ್ಕ ಸರಿ ಅಲ್ವಾ ಅಂತ. ಸರಿಯಿಲ್ಲ. 746 ಅನ್ನುವುದು ಮೋಟಾರು ಕೊಡುವ ಶಕ್ತಿ, ಎಳೆದುಕೊಳ್ಳುವುದು ಸಾವಿರ ವಾಟ್ ದಾಟುತ್ತದೆ, ಇನ್ನು ಸ್ಟಾರ್ಟ್ ಆಗುವ ಆ ಒಂದು ಕ್ಷಣ ಕರೆಂಟು ಐದಾರು ಪಟ್ಟು ಏರುತ್ತದೆ. ನಾನು 2.5 ಕೆವಿಎ ಪೆಟ್ರೋಲ್ ಮೆಷಿನ್ ತಂದೆ. ಅದೂ ಪಂಪ್ ಹಾಕಿದಾಗ ಒಂದು ಸಲ ಹೂಂಕರಿಸಿ ಕುಗ್ಗಿಯೇ ಮೇಲೇಳುವುದು. ಅದಕ್ಕೇ ಮೊದಲು ಪಂಪು ಒಂದೇ, ಅದು ಹದಕ್ಕೆ ಬಂದ ಮೇಲೆ ಫ್ರಿಜ್, ಆಮೇಲೆ ಉಳಿದದ್ದು. ಗೀಸರ್ ಮಾತೇ ಬೇಡ, ಬಚ್ಚಲೊಲೆ ಇರುವುದು ಯಾಕೆ ಮತ್ತೆ?

ಮೊದಲ ಮಳೆಗಾಲ ನಾನು ಮಾಡಿದ ಎರಡು ಕೆಲಸ ನೆನೆಸಿಕೊಂಡರೆ ಈಗಲೂ ಮೈ ಜುಮ್ ಅನ್ನುತ್ತದೆ. ಒಂದು, ಮಳೆಗೆ ನೆನೆಯುತ್ತದೆ ಅಂತ ಮೆಷಿನ್ನನ್ನು ಹಿಂದಿನ ಜಗಲಿಯಲ್ಲೇ ಇಟ್ಟು ಓಡಿಸಿದ್ದು. ಅಡುಗೆ ಮನೆಯಲ್ಲಿದ್ದ ಅಮ್ಮನಿಗೆ ತಲೆನೋವು, ವಾಕರಿಕೆ. ಥಂಡಿ ಅಂದುಕೊಂಡು ಕಷಾಯ ಕುಡಿಸಿದೆವು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಿಟಕಿ ತೆಗೆದಿದ್ದೇವಲ್ಲ ಅಂತ ಧೈರ್ಯವಾಗಿ ಇರುವ ಹಾಗೂ ಇಲ್ಲ. ಈಗ ಮನೆಯಿಂದ ಇಪ್ಪತ್ತೈದು ಅಡಿ ಆಚೆ, ಮೇಲೆ ಒಂದು ಶೀಟ್, ಸುತ್ತ ಗೋಡೆಯೇ ಇಲ್ಲದ ಮಾಡು. ಹೊಗೆ ಕೊಳವೆ ತೋಟದ ಕಡೆ.

ಎರಡನೆಯದು ಇನ್ನೂ ಕೆಟ್ಟದ್ದು. ಎರಡೂ ತುದಿಗೆ ಪ್ಲಗ್ ಕಟ್ಟಿದ ವೈರ್ ಮಾಡಿಕೊಂಡಿದ್ದೆ. ಒಂದು ತುದಿ ಜನರೇಟರಿಗೆ, ಇನ್ನೊಂದು ಗೋಡೆಯ ಸಾಕೆಟ್ಟಿಗೆ. ಮೇನ್ ಆಫ್ ಮಾಡಿರುತ್ತೇನಲ್ಲ, ಏನಾಗುತ್ತದೆ? ಒಂದು ದಿನ ಆಫ್ ಮಾಡಿರಲೇ ಇಲ್ಲ. ಲೈನ್‌ಮನ್ ಒಬ್ಬರು ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು ಅಂಗಳಕ್ಕೆ ಬಂದು ನಿಂತರು. ಕಂಬ ಹತ್ತುವ ಮುಂಚೆ ಜನರೇಟರ್ ಸದ್ದು ಕೇಳಿಸಿತಂತೆ. 'ಸ್ವಿಚ್ ತೋರಿಸಿ' ಅಂದರು, ಅಷ್ಟೇ. ನಾನು ವೈರ್ ತೋರಿಸಿದೆ. ಅವರು ಬೈಯಲಿಲ್ಲ. ಪ್ಲಗ್ ಕಿತ್ತು, ಹಲ್ಲಿನಂಥ ಆ ಎರಡು ಪಿನ್ನು ನನ್ನ ಮುಖದ ಹತ್ತಿರ ಹಿಡಿದು, 'ಟಿಸಿ ಹನ್ನೊಂದು ಸಾವಿರವನ್ನು ಇಳಿಸೋದು ಮಾತ್ರ ಅಲ್ಲ ಸಾರ್, ಈ ಕಡೆಯಿಂದ ಕೊಟ್ಟರೆ ಏರಿಸ್ತದೆ' ಅಂದರು. ಟಿಸಿ ಅಂದರೆ ಕಂಬದ ಟ್ರಾನ್ಸ್‌ಫಾರ್ಮರ್. ನಮ್ಮದಕ್ಕೆ ಇರುವುದು ಮೂರೇ ಮನೆ, ಹೊರೆ ಹೆಚ್ಚಾಗಿ ಜನರೇಟರ್ ತಾನೇ ನಿಲ್ಲುತ್ತದೆ ಅನ್ನುವ ಹಾಗೂ ಇಲ್ಲ. ಮನೆಯ 230 ವೋಲ್ಟ್ ಅದರ ಮೂಲಕ ವಾಪಸ್ ಹೋದರೆ ಆ ಕಡೆ ತಂತಿಯಲ್ಲಿ ಹತ್ತು ಸಾವಿರ ವೋಲ್ಟ್ ಹತ್ತಿರ ಹತ್ತಿರ ಇರುತ್ತದೆ, ಅವರು ಕರೆಂಟಿಲ್ಲ ಅಂತ ಕೈ ಹಾಕುತ್ತಾರೆ. ಆ ವೈರನ್ನು ಅವತ್ತೇ ಕತ್ತರಿಸಿದೆ. ಲೈಸೆನ್ಸ್ ಇರುವ ವೈರಿಂಗಿನವರನ್ನು ಕರೆಸಿ ಚೇಂಜ್‌ಓವರ್ ಸ್ವಿಚ್ ಹಾಕಿಸಿದೆ. ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವಂಥದ್ದು. ಹಿಡಿ ಮೇಲಿದ್ದರೆ ಲೈನು, ಕೆಳಗಿದ್ದರೆ ಜನರೇಟರು, ಎರಡೂ ಸೇರುವ ದಾರಿಯೇ ಇಲ್ಲ.

ಇನ್ನು ಅಸಲು ಕಥೆ. ಎರಡನೇ ವರ್ಷ ಮೃಗಶಿರ ಮಳೆಗೆ ಕರೆಂಟ್ ಹೋಯಿತು, ಜಂಬದಿಂದ ಹೋಗಿ ಹಗ್ಗ ಎಳೆದೆ. ಎಳೆದೆ, ಎಳೆದೆ, ಭುಜ ಬಿದ್ದುಹೋಯಿತು, ಸ್ಟಾರ್ಟ್ ಆಗಲಿಲ್ಲ. ಹಿಂದಿನ ಅಕ್ಟೋಬರಿನಲ್ಲಿ ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಬಿಟ್ಟು ಗೋಣಿ ಹೊದಿಸಿ ಇಟ್ಟವನು ಮತ್ತೆ ಆ ಕಡೆ ತಿರುಗಿಯೂ ನೋಡಿರಲಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಬಟ್ಟಲು ಬಿಚ್ಚಿದರೆ ತಳದಲ್ಲಿ ಹಳದಿ ಅಂಟು, ಹಲಸಿನ ಮೇಣದ ಹಾಗೆ. ಪೆಟ್ರೋಲ್ ಹಾಯುವ ಜೆಟ್ಟಿನ ತೂತು ಎಷ್ಟು ಸಣ್ಣದು ಅಂದರೆ ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಕಾಣಬೇಕು, ಅದೂ ಕಾಣಲಿಲ್ಲ. ಕಬ್ಬಿಣದ ತಂತಿ ಹಾಕಿದರೆ ತೂತು ದೊಡ್ಡದಾಗುತ್ತದೆ. ವೈರಿನೊಳಗಿನ ತಾಮ್ರದ ಒಂದೇ ಎಳೆ ಹಾಕಿ ನಿಧಾನ ತಿಕ್ಕಿ, ಕಾರ್ಬ್ ಕ್ಲೀನರ್ ಹೊಡೆದೆ. ಮೂರನೇ ಎಳೆತಕ್ಕೆ ಎದ್ದಿತು.

ಈಗಿನ ಪೆಟ್ರೋಲಿನಲ್ಲಂತೂ ಶೇಕಡಾ 20 ಎಥೆನಾಲ್. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಕಡೆ ತೇವಕ್ಕೆ ಬರವೇ? ಹಾಗಾಗಿ ಕೆಲಸ ಮುಗಿದ ಮೇಲೆ ಸ್ವಿಚ್ ಒತ್ತಿ ನಿಲ್ಲಿಸುವುದು ಬಿಟ್ಟಿದ್ದೇನೆ. ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ಕಾಕ್ ಮುಚ್ಚುತ್ತೇನೆ, ಬಟ್ಟಲಿನಲ್ಲಿ ಇದ್ದದ್ದು ಸುಟ್ಟು ಅದೇ ನಿಲ್ಲುತ್ತದೆ. ಬೇಸಿಗೆಯಲ್ಲೂ ತಿಂಗಳಿಗೆ ಒಂದು ಭಾನುವಾರ ಹದಿನೈದು ನಿಮಿಷ ಓಡಿಸುತ್ತೇನೆ, ಸುಮ್ನೆ ಅಲ್ಲ, ಪಂಪ್ ಹಾಕಿ. ಒಂದು ಏಪ್ರಿಲ್ಲಿನಲ್ಲಿ ಹೀಗೇ ನೋಡುವಾಗ ಹೊಗೆ ಕೊಳವೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಮಳೆಗಾಲದವರೆಗೆ ಬಿಟ್ಟಿದ್ದರೆ ಮತ್ತೆ ಭುಜ ನೋವು.

ಆಯಿಲ್ ಹೊಸ ಮೆಷಿನ್ನಿಗೆ ಮೊದಲ 20 ಗಂಟೆಗೇ ಬದಲಾಯಿಸಬೇಕು, ಆಮೇಲೆ 100 ಗಂಟೆಗೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಅದು. ಓಡಿದ ಗಂಟೆಯನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯುತ್ತೇನೆ, ಹಾಲಿನ ಲೆಕ್ಕದ ಪಕ್ಕ. ಮಟ್ಟ ಇಲ್ಲದ ಜಾಗದಲ್ಲಿ ಇಟ್ಟರೆ ಆಯಿಲ್ ಇದ್ದರೂ ಇಲ್ಲ ಅಂದುಕೊಂಡು ಸೆನ್ಸರ್ ಇಂಜಿನ್ ನಿಲ್ಲಿಸುತ್ತದೆ. ನಮ್ಮ ಗುಡ್ಡದ ಮೇಲೆ ಮಟ್ಟದ ಜಾಗ ಹುಡುಕುವುದೇ ಒಂದು ಕೆಲಸ, ಕೊನೆಗೆ ಕಾಂಕ್ರೀಟ್ ಹಾಸು ಹಾಕಿದೆ. ಬಿಸಿ ಇಂಜಿನ್ನಿಗೆ ಪೆಟ್ರೋಲ್ ಹಾಕುವುದಿಲ್ಲ. ಒಂದು ಲೋಟ ಕಾಫಿ ಕುಡಿದು ಬಂದು ಹಾಕಿದರೆ ಯಾವ ಫ್ರಿಜ್ಜೂ ಹಾಳಾಗುವುದಿಲ್ಲ.

ದಿನಕ್ಕೆ ಓಡಿಸುವುದು ಎರಡು ಗಂಟೆ ಅಷ್ಟೇ, ಸಂಜೆ ಆರರಿಂದ ಎಂಟು. ಅಷ್ಟರಲ್ಲಿ ಟ್ಯಾಂಕ್ ತುಂಬುತ್ತದೆ, ಫ್ರಿಜ್ ತಣ್ಣಗಾಗುತ್ತದೆ. ಇನ್ವರ್ಟರ್ ಬ್ಯಾಟರಿ ಮಾತ್ರ ತುಂಬುವುದಿಲ್ಲ. 150 ಆಂಪಿಯರ್ ಅವರ್ ಬ್ಯಾಟರಿ 15 ಆಂಪಿಯರಿನಲ್ಲಿ ಎರಡು ಗಂಟೆ ಕುಡಿದರೆ ಐದರಲ್ಲೊಂದು ಪಾಲು. ನಾಲ್ಕೈದು ಎಲ್‌ಇಡಿ ಬಲ್ಬಿಗೆ ರಾತ್ರಿ ಮಲಗುವವರೆಗೆ ಅದು ಸಾಕು. ಮೊದಮೊದಲು ಇನ್ವರ್ಟರ್ ಜನರೇಟರ್ ಕರೆಂಟನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಇನ್ವರ್ಟರಿನ ಬೆನ್ನಿನಲ್ಲಿರುವ ಸ್ವಿಚ್ ಯುಪಿಎಸ್ ಮೋಡಿನಲ್ಲಿತ್ತು, ವೋಲ್ಟೇಜ್ ಏರಿಳಿದರೆ ಅದು ಒಪ್ಪುವುದಿಲ್ಲ, ಸ್ವಿಚ್ಚನ್ನು ಇನ್ನೊಂದು ಕಡೆ ತಳ್ಳಿದ ಮೇಲೆ ಸರಿಹೋಯಿತು.

ದೀಪಾವಳಿ ಹೊತ್ತಿಗೆ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲನ್ನು ಪೈಪಿನಲ್ಲಿ ಇಳಿಸಿ ಬೈಕಿಗೆ ಹಾಕಿಬಿಡುತ್ತೇನೆ. ಆ ಮೇಲೆ ಭಾನುವಾರದ ಓಟಕ್ಕೆ ಅರ್ಧ ಲೀಟರ್ ಹೊಸತು. ಆ ಲೈನ್‌ಮನ್ ಈಗಲೂ ಬರುತ್ತಾರೆ, ಅಂಗಳದಿಂದಲೇ 'ಹಿಡಿ ಕೆಳಗಿದೆಯಾ ಸಾರ್?' ಅಂತ ಕೂಗುತ್ತಾರೆ. ಕೆಳಗಿದೆ ಅಂದರೂ ನಂಬುವುದಿಲ್ಲ, ಒಳಗೆ ಬಂದು ನೋಡಿಯೇ ಹೋಗುವುದು.