ಆ ಪ್ರಶ್ನೆಗೆ ‘ಇಲ್ಲ’ ಎಂದು ಒತ್ತುವ ಮೊದಲು

ಕಳೆದ ದೀಪಾವಳಿಗೆ ನ್ಯೂಜೆರ್ಸಿಯ ನಾವೊಂದಷ್ಟು ಕನ್ನಡಿಗರು ಸೇರಿದ್ದೆವು. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ದಾವಣಗೆರೆಯ ತಾಯಿಯೊಬ್ಬರು, “ನೆರವು ಗಿರವು ಎಂದು ಈಗಲೇ ಏಕೆ ಬಾಯಿ ಬಿಡಬೇಕು ಅಕ್ಕಾ? ಮೊದಲು ಸೀಟು ಸಿಗಲಿ, ಆಮೇಲೆ ಕೇಳಿದರಾಯಿತು” ಎಂದರು. ಮಗ ಹನ್ನೆರಡನೆಯ ತರಗತಿ, ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ, ಶುಲ್ಕಕ್ಕೆ ನೆರವು ಕೇಳಬೇಕೋ ಬೇಡವೋ ಎಂದು ತೀರ್ಮಾನಿಸುವ ಕಾಲ. ನಾನು ಬಿಸಿಬೇಳೆಬಾತು ಬಡಿಸಿಕೊಳ್ಳುವುದನ್ನು ಬಿಟ್ಟು ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋದೆ. ಐದು ವರ್ಷಗಳ ಹಿಂದೆ ಇದೇ ಮಾತನ್ನು ಇದೇ ಧೈರ್ಯದಿಂದ ಹೇಳಿದವಳು ನಾನು.

ಎಸ್‌ಎಟಿ, ಪ್ರಬಂಧ, ಶಿಫಾರಸು ಪತ್ರಗಳ ವಿಚಾರ ನಿಮ್ಮ ಮಕ್ಕಳೇ ನಿಮಗೆ ಹೇಳಿಕೊಡುತ್ತಾರೆ. ನನಗೆ ಗೊತ್ತಿರುವುದು ದುಡ್ಡಿನ ವಿಚಾರ, ಅದೂ ಕಳೆದುಕೊಂಡು ಕಲಿತದ್ದು.

ಮೊದಲು ‘ಖಾಸಗಿ’ ಎಂಬ ಪದ. ನಮ್ಮೂರಿನಲ್ಲಿ ಖಾಸಗಿ ಕಾಲೇಜು ಎಂದರೆ ಡೊನೇಷನ್, ಮ್ಯಾನೇಜ್‌ಮೆಂಟ್ ಸೀಟು. ಇಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್, ಎಂಐಟಿ ಎಲ್ಲವೂ ಖಾಸಗಿ, ಆದರೆ ಲಾಭಕ್ಕಾಗಿ ನಡೆಯುವಂಥವಲ್ಲ. ಹಳೆಯ ವಿದ್ಯಾರ್ಥಿಗಳು ಕೊಟ್ಟ ದತ್ತಿಯನ್ನು ಬೆಳೆಸಿಕೊಂಡು ಬಂದಿವೆ. ಹಾರ್ವರ್ಡ್ ಒಂದರ ದತ್ತಿನಿಧಿಯೇ 5,000 ಕೋಟಿ ಡಾಲರ್‌ಗಿಂತ ಹೆಚ್ಚು. ಹಾಗಾಗಿ ವರ್ಷಕ್ಕೆ 90 ಸಾವಿರ ಡಾಲರ್ ಆಸುಪಾಸು ಎಂದು ಅವರು ಬರೆದಿರುವ ಬೆಲೆಯನ್ನು ಎಲ್ಲರೂ ಕೊಡುವುದಿಲ್ಲ. 2025ರ ಶೈಕ್ಷಣಿಕ ವರ್ಷದಿಂದ ಹಾರ್ವರ್ಡ್, 2 ಲಕ್ಷ ಡಾಲರ್‌ವರೆಗೆ ವರಮಾನವಿರುವ, ಆಸ್ತಿ ತೀರಾ ಹೆಚ್ಚಿಲ್ಲದ ಮನೆಗಳ ಮಕ್ಕಳಿಂದ ಬೋಧನಾ ಶುಲ್ಕವನ್ನೇ ತೆಗೆದುಕೊಳ್ಳುವುದಿಲ್ಲ ಎಂದಿದೆ. ಇನ್ನೊಂದು ಮಾತು: ಹಾರ್ವರ್ಡ್, ಯೇಲ್ ಮೊದಲಾದ ಹಳೆಯ ಖಾಸಗಿ ವಿಶ್ವವಿದ್ಯಾಲಯಗಳ ಗುಂಪಾದ ಐವಿ ಲೀಗ್‌ನ ಎಂಟೂ ವಿಶ್ವವಿದ್ಯಾಲಯಗಳಲ್ಲಿ ಅಂಕಕ್ಕೆ, ಪ್ರತಿಭೆಗೆ ಎಂದು ವಿದ್ಯಾರ್ಥಿವೇತನವಿಲ್ಲ. ನಿಮ್ಮ ಮಗಳು ಎಷ್ಟೇ ಜಾಣೆಯಾಗಿರಲಿ, ರಿಯಾಯಿತಿ ಸಿಗುವುದು ಮನೆಯ ಹಣಕಾಸಿನ ಸ್ಥಿತಿಯನ್ನು ನೋಡಿಯೇ.

ಇನ್ನು ಆ ಪ್ರಶ್ನೆ. ಹಲವು ವಿಶ್ವವಿದ್ಯಾಲಯಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಜಾಲತಾಣವಾದ ಕಾಮನ್ ಆ್ಯಪ್‌ನಲ್ಲಿ ಅರ್ಜಿ ತುಂಬುವಾಗ ವಿಶ್ವವಿದ್ಯಾಲಯ ಒಂದು ಸಾಲಿನಲ್ಲಿ ಕೇಳುತ್ತದೆ: ಹಣಕಾಸು ನೆರವು ಕೇಳುವ ಉದ್ದೇಶ ಇದೆಯೇ? ಹೌದು, ಇಲ್ಲ. ಅಷ್ಟೆ. ಗಡುವಿನ ಹಿಂದಿನ ರಾತ್ರಿ ಹನ್ನೊಂದೂವರೆಗೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಗಳು, “ಅಮ್ಮಾ, ಇದಕ್ಕೇನು ಹಾಕಲಿ?” ಎಂದಳು. ಯಾರೋ ಹೇಳಿದ್ದರು, ದುಡ್ಡು ಕೇಳಿದವರಿಗೆ ಸೀಟು ಕಷ್ಟ ಎಂದು. ಒಗ್ಗರಣೆ ಪಾತ್ರೆ ತೊಳೆಯುತ್ತಿದ್ದ ನಾನು ತಿರುಗಿಯೂ ನೋಡದೆ, “ಇಲ್ಲ ಎಂದು ಹಾಕು” ಎಂದೆ.

ಯಾರೋ ಹೇಳಿದ್ದು ಅರ್ಧ ನಿಜ. ಅಮೆರಿಕದ ಪ್ರಜೆಗಳಿಗೂ ಗ್ರೀನ್ ಕಾರ್ಡ್ ಇರುವವರಿಗೂ ಒಂದು ನಿಯಮ, ಅಂತಾರಾಷ್ಟ್ರೀಯ ವಿದ್ಯಾರ್ಥಿಗಳಿಗೆ ಇನ್ನೊಂದು. ನಮ್ಮಲ್ಲಿ ಬಹಳ ಜನ ಎಡವುವುದು ಇಲ್ಲೇ. ನಿಮ್ಮ ಮಗು ಮೂರು ವರ್ಷದ ವಯಸ್ಸಿನಿಂದ ಇಲ್ಲೇ ಬೆಳೆದಿರಬಹುದು, ಕನ್ನಡವನ್ನೂ ಅಮೆರಿಕದ ರಾಗದಲ್ಲೇ ಮಾತನಾಡಬಹುದು; ನೀವು ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿ, ಮಗು ಎಚ್-4 ಎಂಬ ಅವಲಂಬಿತರ ವೀಸಾದಲ್ಲಿ ಇದ್ದರೆ ನೆರವಿನ ಕಚೇರಿಯ ಲೆಕ್ಕದಲ್ಲಿ ಅದು ಮೈಸೂರಿನಿಂದ ಅರ್ಜಿ ಹಾಕಿದ ಮಗುವಿನ ಸಾಲಿಗೇ ಸೇರುತ್ತದೆ. ಸರ್ಕಾರದ ನೆರವಿಗಾಗಿ ತುಂಬುವ ಫಾಫ್ಸಾ ಅರ್ಜಿಯ ಬಾಗಿಲು ಮುಚ್ಚಿರುತ್ತದೆ. ನಮ್ಮ ಗ್ರೀನ್ ಕಾರ್ಡ್ ಸರದಿ ಬರುವಷ್ಟರಲ್ಲಿ ಮಕ್ಕಳಿಗೆ ಇಪ್ಪತ್ತೊಂದು ದಾಟಿ, ಎಚ್-4 ಹೋಗಿ ಎಫ್-1 ಎಂಬ ವಿದ್ಯಾರ್ಥಿ ವೀಸಾ ಆಗಿರುತ್ತದೆ.

ಅಂತಾರಾಷ್ಟ್ರೀಯ ವಿದ್ಯಾರ್ಥಿಗಳ ಮಟ್ಟಿಗೆ ಈ ವಿಶ್ವವಿದ್ಯಾಲಯಗಳಲ್ಲಿ ಎರಡು ಪಂಗಡ. ನೆರವು ಕೇಳಿದ್ದೀರೋ ಇಲ್ಲವೋ ಎಂಬುದನ್ನು ಪ್ರವೇಶದ ಸಮಯದಲ್ಲಿ ನೋಡುವುದೇ ಇಲ್ಲ ಎನ್ನುವವರು ನೀಡ್-ಬ್ಲೈಂಡ್. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಬಹಳ ವರ್ಷಗಳಿಂದ ಹೀಗೆ. 2022ರಲ್ಲಿ ಡಾರ್ಟ್‌ಮತ್ ಮತ್ತು ಬೋಡಿನ್, 2025ರಲ್ಲಿ ಸೇರಿದ ತಂಡದಿಂದ ಬ್ರೌನ್ ಈ ಪಂಗಡಕ್ಕೆ ಬಂದವು. ಇಲ್ಲಿ ‘ಇಲ್ಲ’ ಎಂದು ಹಾಕುವುದು ಶುದ್ಧ ದಡ್ಡತನ, ಎಳ್ಳಷ್ಟೂ ಲಾಭವಿಲ್ಲ. ಮಿಕ್ಕವರಲ್ಲಿ ಹೆಚ್ಚಿನವರು ನೀಡ್-ಅವೇರ್, ಅಂದರೆ ನೋಡುತ್ತಾರೆ. ಸ್ಟ್ಯಾನ್‌ಫರ್ಡ್, ಕೊಲಂಬಿಯ, ಕಾರ್ನೆಲ್ ಎಲ್ಲ ಈ ಕಡೆ. ಇಲ್ಲಿ ಕೇಳಿದರೆ ಸೀಟಿನ ಸಾಧ್ಯತೆ ಕಡಿಮೆಯಾಗಬಹುದು, ಅದು ಸತ್ಯ. ಆದರೆ ಕೇಳದೆ ಒಳಗೆ ಹೋದರೆ ಏನಾಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಸ್ಟ್ಯಾನ್‌ಫರ್ಡ್ ಸ್ಪಷ್ಟವಾಗಿ ಬರೆದುಕೊಂಡಿದೆ: ಅರ್ಜಿಯ ಸಮಯದಲ್ಲಿ ನೆರವು ಕೇಳದ ಅಂತಾರಾಷ್ಟ್ರೀಯ ವಿದ್ಯಾರ್ಥಿ ಮುಂದೆ ನಾಲ್ಕು ವರ್ಷವೂ ಕೇಳುವಂತಿಲ್ಲ. ಇಂಥದೇ ನಿಯಮ ಇನ್ನೂ ಹಲವು ಕಡೆ ಇದೆ.

ನಾನು ಹೆಸರು ಹೇಳದಿರುವ ನನ್ನ ಮಗಳ ವಿಶ್ವವಿದ್ಯಾಲಯದಲ್ಲೂ ಇತ್ತು. 2023ರ ಜನವರಿಯಲ್ಲಿ ಯಜಮಾನರ ಕೆಲಸ ಹೋಯಿತು. ಎಚ್-1ಬಿಯವರಿಗೆ ಹೊಸ ಕೆಲಸ ಹುಡುಕಿಕೊಳ್ಳಲು ಸಿಗುವ 60 ದಿನಗಳಲ್ಲಿ ಐವತ್ತನಾಲ್ಕನೆಯ ದಿನ ಬೇರೆ ಕೆಲಸ ಸಿಕ್ಕಿತು, ಸಂಬಳ ಮೂರನೆಯ ಒಂದು ಭಾಗ ಕಡಿಮೆ. ನೆರವಿನ ಕಚೇರಿಗೆ ಪತ್ರ ಬರೆದೆವು, ಕೆಲಸ ಹೋದ ಕಾಗದ ಲಗತ್ತಿಸಿದೆವು. ಎರಡೇ ದಿನದಲ್ಲಿ ಬಹಳ ಸೌಜನ್ಯದ ಉತ್ತರ ಬಂತು. ನಿಮ್ಮ ಪರಿಸ್ಥಿತಿ ಕೇಳಿ ಬೇಸರವಾಯಿತು, ಆದರೆ ಪ್ರವೇಶದ ಸಮಯದಲ್ಲಿ ನೀವು ನೆರವು ಕೇಳಿರಲಿಲ್ಲ, ಆದ್ದರಿಂದ ಅರ್ಜಿಯನ್ನು ಪರಿಶೀಲಿಸಲಾಗದು. ಹಾಸನದ ಸೈಟು ಮಾರಿದೆವು. ಅನಿವಾಸಿಗಳು ಮಾರಿದರೆ ಕೊಳ್ಳುವವರು ಮುರಿದುಕೊಳ್ಳಬೇಕಾದ ತೆರಿಗೆ, ಆ ಹಣವನ್ನು ಇಲ್ಲಿಗೆ ತರಿಸಲು ಆಗ ಲೆಕ್ಕಪರಿಶೋಧಕರು ಕೊಡುತ್ತಿದ್ದ 15ಸಿಬಿ ಎಂಬ ಪ್ರಮಾಣಪತ್ರ, ಅದರ ಓಡಾಟ ಬೇರೆಯದೇ ಪುರಾಣ.

ನಮಗೆ ಈ ತಪ್ಪು ಇಷ್ಟು ಸಹಜವಾಗಿ ಬರುವುದಕ್ಕೆ ಕಾರಣವೂ ಇದೆ. ಕರ್ನಾಟಕದಲ್ಲಿ ಸಿಇಟಿ ರ‍್ಯಾಂಕಿಗೆ ಸೀಟು ಸಿಗುತ್ತದೆ, ಸೇರಿದ ಮೇಲೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುತ್ತೇವೆ, ಈ ವರ್ಷ ತಪ್ಪಿದರೆ ಮುಂದಿನ ವರ್ಷ. ಸೀಟು ಬೇರೆ, ದುಡ್ಡು ಬೇರೆ. ನನ್ನನ್ನು ಕೇಳಿದರೆ ಆ ವ್ಯವಸ್ಥೆಯೇ ಹೆಚ್ಚು ಪ್ರಾಮಾಣಿಕ. ರ‍್ಯಾಂಕು ಎಷ್ಟು, ಎಲ್ಲಿಗೆ ಸೀಟು ಮುಗಿಯಿತು ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಇಲ್ಲಿ ಮಗು ಏಕೆ ಆಯ್ಕೆಯಾಯಿತು, ಏಕೆ ಆಗಲಿಲ್ಲ ಎಂದು ದೇವರಿಗೂ ತಿಳಿಯದು. ಹಾಗೆಂದು ಬೈಯಲೂ ಬಾಯಿ ಬರುವುದಿಲ್ಲ. ಮನೆಯಲ್ಲಿ ಏನೂ ಇಲ್ಲದ ಮಗುವಿಗೆ ಹಾಸ್ಟೆಲ್, ಊಟ, ಪುಸ್ತಕ ಎಲ್ಲವನ್ನೂ ಕೊಟ್ಟು ನಾಲ್ಕು ವರ್ಷ ಓದಿಸುವ ಕಾಲೇಜನ್ನು ನಾನು ಊರಿನಲ್ಲಿ ನೋಡಿಲ್ಲ.

ಎರಡು ವರ್ಷಗಳ ನಂತರ ಮಗನ ಸರದಿ ಬಂದಾಗ ಎಲ್ಲ ಕಡೆಯೂ ‘ಹೌದು’ ಎಂದೇ ಒತ್ತಿದೆವು. ಆಗ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಅರ್ಜಿ ತುಂಬಬೇಕು. ಬೆಂಗಳೂರಿನ ಫ್ಲ್ಯಾಟು, ಠೇವಣಿ, ಜಮೀನು ಎಲ್ಲವನ್ನೂ ಅದು ಕೇಳುತ್ತದೆ. ಅರಸೀಕೆರೆಯ ತೆಂಗಿನ ತೋಟದ ಪಹಣಿಯಲ್ಲಿ ಮಾವನವರು, ಅವರ ಇಬ್ಬರು ತಮ್ಮಂದಿರು, ನಮ್ಮ ಯಜಮಾನರು ನಾಲ್ವರ ಹೆಸರೂ ಜಂಟಿಯಾಗಿದೆ. “ಅದನ್ನೇಕೆ ಬರೆಯುವುದು, ಅವರಿಗೆ ಹೇಗೆ ಗೊತ್ತಾಗುತ್ತದೆ?” ಎಂದರು ಯಜಮಾನರು. ಬರೆಯಿರಿ. ನಿಮ್ಮ ಪಾಲೆಷ್ಟೋ ಅಷ್ಟನ್ನು ಬರೆದು, ಉಳಿದವರ ಒಪ್ಪಿಗೆಯಿಲ್ಲದೆ ಮಾರಲಾಗದು, ವರ್ಷಕ್ಕೆ ಕೈಗೆ ಬರುವುದು ಇಷ್ಟು ಎಂದು ಒಂದು ಪುಟದ ವಿವರಣೆ ಸೇರಿಸಿ. ಮುಚ್ಚಿಟ್ಟದ್ದು ಹೊರಬಿದ್ದರೆ ನೆರವಿನ ಜೊತೆಗೆ ಸೀಟೂ ಹೋಗಬಹುದು. ಮಗನಿಗೆ ನಾಲ್ಕು ಕಡೆ ತಿರಸ್ಕಾರವಾಯಿತು, ಒಂದು ಕಡೆ ನಾವು ಕೊಡಬಹುದಾದ ಮೊತ್ತಕ್ಕೆ ಸೀಟು ಬಂತು. ಸಿಗದ ಸೀಟಿಗೆ ಶುಲ್ಕವಿಲ್ಲವಲ್ಲ.

ಅರ್ಲಿ ಡಿಸಿಷನ್, ಅಂದರೆ ಒಂದೇ ಕಡೆಗೆ ಮುಂಚಿತವಾಗಿ ಹಾಕುವ ಅರ್ಜಿ, ಅದರ ಬಗ್ಗೆಯೂ ಎಚ್ಚರ. ಕೊಲಂಬಿಯ, ಪೆನ್, ಕಾರ್ನೆಲ್, ಬ್ರೌನ್, ಡಾರ್ಟ್‌ಮತ್‌ಗಳಲ್ಲಿ ಅದು ಮಾತು ಕೊಟ್ಟಂತೆ. ಸೀಟು ಬಂದರೆ ಸೇರಲೇಬೇಕು. ನೆರವು ಸಾಲದು ಎಂಬುದೊಂದೇ ಹೊರಬರುವ ಬಾಗಿಲು. ನೆರವನ್ನೇ ಕೇಳದವರು ಯಾವ ಬಾಗಿಲಿನಿಂದ ಹೊರಬರುತ್ತಾರೆ? ಎಂಎಸ್‌ಗೆ ಬರುವವರಿಗೆ ಒಂದೇ ಮಾತು: ಅದೇ ಕಟ್ಟಡ, ಅದೇ ಪ್ರಾಧ್ಯಾಪಕರು, ಪಿಎಚ್‌ಡಿಯವರಿಗೆ ಸಾಮಾನ್ಯವಾಗಿ ಸ್ಟೈಪೆಂಡ್, ನಿಮಗೆ ಬಿಲ್ಲು. ದತ್ತಿನಿಧಿಯ ಔದಾರ್ಯ ಪದವಿ ತರಗತಿಯ ಮಕ್ಕಳದು. ಕ್ಯಾಲಿಫೋರ್ನಿಯ, ಟೆಕ್ಸಾಸ್ ಕಡೆ ಇರುವವರು ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳನ್ನೂ ನೋಡಿ, ರಾಜ್ಯದ ನಿವಾಸಿಗಳ ಶುಲ್ಕ ಎಚ್-4 ಮಕ್ಕಳಿಗೂ ಸಿಗಬಹುದು.

ದಾವಣಗೆರೆಯ ಆ ತಾಯಿಗೆ ನಾನು ಹೇಳಿದ್ದು ಒಂದೇ ಲೆಕ್ಕ. ನಾಲ್ಕು ವರ್ಷಕ್ಕೆ ಹೆಚ್ಚುಕಡಿಮೆ ಮೂರೂವರೆ ಲಕ್ಷ ಡಾಲರ್. ನಾಳೆ ಒಬ್ಬರ ಸಂಬಳ ನಿಂತರೂ ಕಟ್ಟಬಲ್ಲಿರಾದರೆ ‘ಇಲ್ಲ’ ಎಂದು ಹಾಕಿ. ಡಿಸೆಂಬರ್ ಕೊನೆಯಲ್ಲಿ ಅವರು ಫೋನ್ ಮಾಡಿದರು. ಏಳು ಅರ್ಜಿಗಳಲ್ಲಿ ಆರಕ್ಕೆ ‘ಹೌದು’ ಎಂದು ಹಾಕಿದ್ದಾರಂತೆ, ಒಂದನ್ನು ಮಗ ಹಟ ಹಿಡಿದು ‘ಇಲ್ಲ’ ಎಂದೇ ಉಳಿಸಿಕೊಂಡನಂತೆ. ಯಾವುದು ಎಂದು ಕೇಳಿದೆ. ಹೇಳಲಿಲ್ಲ, ಹುಳಿಗೆ ಇಲ್ಲಿ ಯಾವ ಬೇಳೆ ಚೆನ್ನಾಗಿ ಬೇಯುತ್ತದೆ ಎಂದು ಮಾತು ತಿರುಗಿಸಿದರು.